ಬಿ ವಿಭಾಗದ ಗೆಲುವು

ಹೆಚ್ಚು ಅಂಕ ಪಡೆದವರನ್ನು 'ಎ' ಸೆಕ್ಷನ್ನಿನಲ್ಲೂ ಉಳಿದವರನ್ನು 'ಬಿ' ಸೆಕ್ಷನ್ನಿನಲ್ಲೂ ಕೂರಿಸುವ ಪದ್ಧತಿ ಹಿಂದೆ ಹಲವು ಶಾಲೆಗಳಲ್ಲಿತ್ತು. ಪಾಠದ ಕೊಠಡಿಯಲ್ಲಿ ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ಚರ್ಚೆ. ಆಟದ ಲೋಕದಲ್ಲಿ ಮಾತ್ರ ಈ ವಿಂಗಡಣೆ ಬಹಳ ಪ್ರಯೋಜನಕಾರಿಯಾದ ಏರ್ಪಾಡೆಂದು ನನ್ನ ಅಭಿಪ್ರಾಯ. ಅದಕ್ಕೆ ನಮ್ಮ ಬೆಂಗಳೂರಿನಲ್ಲಿಯೇ ನಡೆದ ಒಂದು ನಿದರ್ಶನವಿದೆ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಕ್ರಿಕೆಟ್ಟಿನ ನಡುವೆ ಅದು ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲವಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

2017ರ ದೀಪಾವಳಿ ಮುಗಿದ ಬೆನ್ನಿಗೇ, ಅಕ್ಟೋಬರ್ 22ರಿಂದ 28ರವರೆಗೆ, ಹದಿನಾರು ವರ್ಷದೊಳಗಿನ ಬಾಲಕಿಯರ ಏಷ್ಯಾ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲಿ ನಡೆಯಿತು. ಪಂದ್ಯಾವಳಿಗೆ ಎರಡು ವಿಭಾಗಗಳಿದ್ದವು. ಬಲಾಢ್ಯ ತಂಡಗಳು 'ಎ' ವಿಭಾಗದಲ್ಲಿ, ಇನ್ನೂ ಬೆಳೆಯಬೇಕಾದ ತಂಡಗಳು 'ಬಿ' ವಿಭಾಗದಲ್ಲಿ. ಎ ವಿಭಾಗದ ಮೊದಲ ನಾಲ್ಕು ತಂಡಗಳಿಗೆ ಮರುವರ್ಷ ಬೆಲಾರೂಸಿನ ಮಿನ್‌ಸ್ಕ್ ನಗರದಲ್ಲಿ ನಡೆಯಲಿದ್ದ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿಗೆ ಪ್ರವೇಶ. ಬಿ ವಿಭಾಗದಲ್ಲಿ ಗೆದ್ದವರಿಗೆ ಎ ವಿಭಾಗಕ್ಕೆ ಬಡ್ತಿ. ನಮ್ಮ ಹುಡುಗಿಯರು ಆಡಿದ್ದು ಬಿ ವಿಭಾಗದಲ್ಲಿ. ಅಲ್ಲಿ ಗೆದ್ದು ಬಡ್ತಿಯನ್ನೂ ಪಡೆದರು. ಅದೇ ವರ್ಷದ ಜುಲೈನಲ್ಲಿ, ಇದೇ ಊರಿನಲ್ಲಿ, ಹಿರಿಯ ಮಹಿಳೆಯರ ತಂಡವೂ ಏಷ್ಯಾ ಕಪ್ಪಿನ ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಕಝಾಕಿಸ್ತಾನವನ್ನು 75–73ರಿಂದ ಸೋಲಿಸಿ ಮೇಲೇರಿತ್ತು. ಒಂದೇ ವರ್ಷ, ಒಂದೇ ಊರು, ಎರಡು ಬಡ್ತಿ!

ಇಂಥ ಮೆಟ್ಟಿಲುಗಳ ವ್ಯವಸ್ಥೆಯನ್ನು ಬಹಳ ವಿಸ್ತಾರವಾಗಿ ಬೆಳೆಸಿರುವುದು ಶೀತದೇಶಗಳ ಐಸ್ ಹಾಕಿ. ಅಲ್ಲಿ ಹದಿನೆಂಟು ವರ್ಷದೊಳಗಿನ ಹುಡುಗರ ವಿಶ್ವ ಚಾಂಪಿಯನ್‌ಷಿಪ್ 1999ರಿಂದ ನಡೆಯುತ್ತಿದೆ. ಅತ್ಯುನ್ನತ ವಿಭಾಗದ ಕೆಳಗೆ ಒಂದನೆಯ, ಎರಡನೆಯ, ಮೂರನೆಯ ವಿಭಾಗಗಳು. ಗೆದ್ದವರು ಒಂದು ಮೆಟ್ಟಿಲು ಮೇಲಕ್ಕೆ, ಕೊನೆಗೆ ಬಂದವರು ಒಂದು ಮೆಟ್ಟಿಲು ಕೆಳಕ್ಕೆ. ಐಸ್‌ಲ್ಯಾಂಡ್, ಮೆಕ್ಸಿಕೊ, ಟರ್ಕಿ, ನ್ಯೂಜಿಲೆಂಡಿನಂತಹ ದೇಶಗಳ ಹುಡುಗರು ಕೆನಡಾವನ್ನೋ ಸ್ವೀಡನ್ನನ್ನೋ ಎದುರಿಸಿ ಇಪ್ಪತ್ತು ಗೋಲುಗಳ ಅಂತರದಿಂದ ಸೋಲುವುದರಲ್ಲಿ ಯಾರಿಗೂ ಲಾಭವಿಲ್ಲ. ತಮ್ಮ ಸರೀಕರೊಡನೆ ಆಡಿ, ಕೆಲವು ಗೆದ್ದು ಕೆಲವು ಸೋತು ಬೆಳೆಯಲೆಂದೇ ಈ ಏರ್ಪಾಡು. ನಮ್ಮ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಡಿ ಬೆಳೆದ ಹೆಣ್ಣುಮಕ್ಕಳೇ ಹೆಚ್ಚಾಗಿರುವ ಭಾರತದ ಮಹಿಳಾ ಐಸ್ ಹಾಕಿ ತಂಡವೂ ಏಷ್ಯಾ ಮಟ್ಟದ ಇಂಥ ಪಂದ್ಯಾವಳಿಯಲ್ಲಿಯೇ 2017ರಲ್ಲಿ ತನ್ನ ಮೊದಲ ಗೆಲುವನ್ನು ಕಂಡಿತು. 2025ರಲ್ಲಿ ಕಂಚಿನ ಪದಕವನ್ನೂ ತಂದಿತು.

ಬ್ಯಾಸ್ಕೆಟ್‌ಬಾಲಿಗೂ ಚಳಿಗಾಲಕ್ಕೂ ನಂಟಿದೆ. ಕೆನಡಾದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಹಿಮ ಬೀಳುವ ತಿಂಗಳುಗಳಲ್ಲಿ ವಿದ್ಯಾರ್ಥಿಗಳು ಒಳಾಂಗಣದಲ್ಲಿ ಆಡಲೆಂದು 1891ರ ಡಿಸೆಂಬರಿನಲ್ಲಿ ಈ ಆಟವನ್ನು ರೂಪಿಸಿದರು. ಹತ್ತು ಅಡಿ ಎತ್ತರದಲ್ಲಿ ಕಟ್ಟಿದ ಎರಡು ಹಣ್ಣಿನ ಬುಟ್ಟಿಗಳು, ಹದಿಮೂರು ನಿಯಮಗಳು. ಇಷ್ಟೇ ಬಂಡವಾಳ. ಮರುವರ್ಷವೇ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿ ಅದನ್ನು ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳಿಗೆ ಕಲಿಸಿದರು. ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲ್ ಗಂಡುಮಕ್ಕಳದಕ್ಕಿಂತ ಒಂದು ವರ್ಷವಷ್ಟೇ ಕಿರಿಯದು. ಆದರೂ ಒಲಿಂಪಿಕ್ಸಿನಲ್ಲಿ ಗಂಡಸರಿಗೆ 1936ರಲ್ಲಿ ದೊರೆತ ಅವಕಾಶ ಹೆಂಗಸರಿಗೆ ದೊರೆತದ್ದು 1976ರಲ್ಲಿ. ನಲವತ್ತು ವರ್ಷಗಳ ಈ ಅಂತರವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ದಕ್ಷಿಣ ಭಾರತದಲ್ಲಿ ಈ ಆಟ ಬೇರೂರಲು ವೈ.ಎಂ.ಸಿ.ಎ. ಸಂಸ್ಥೆಯೇ ಮುಖ್ಯ ಕಾರಣ. ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು 1920ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಿ ಪಡೆದ ಡ್ರಿಲ್ ಮಾಸ್ತರರು ಊರೂರಿನ ಶಾಲೆಗಳಿಗೆ ಹರಡಿಕೊಂಡರು. ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಈ ಆಟ ಬಹಳ ಚೆನ್ನಾಗಿ ಹೊಂದಿತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಬಸವನಗುಡಿ, ಮಲ್ಲೇಶ್ವರಗಳು 1898ರ ಪ್ಲೇಗಿನ ಕಾಲದಲ್ಲಿ ಬೆಳೆದವು. ಕ್ರಮೇಣ ಮನೆಗಳು ಒತ್ತಾದವು, ಬಯಲುಗಳು ಕರಗಿದವು. ಕ್ರಿಕೆಟ್ಟಿಗೆ ಬೇಕಾದಷ್ಟು ಜಾಗ ಎಲ್ಲ ಶಾಲೆಗಳಿಗೂ ಎಲ್ಲಿಂದ ಬರಬೇಕು? ಬ್ಯಾಸ್ಕೆಟ್‌ಬಾಲಿನ ಅಂಗಣಕ್ಕೆ 28 ಮೀಟರ್ ಉದ್ದ, 15 ಮೀಟರ್ ಅಗಲ ಸಾಕು. ಬೆಳಿಗ್ಗೆ ಪ್ರಾರ್ಥನೆಗೆ ಸಾಲುನಿಲ್ಲುವ ಅಂಗಳವೇ ಸಂಜೆ ಆಟದ ಅಂಗಣವಾಗುತ್ತದೆ. ಮಲ್ಲೇಶ್ವರದ ಬೀಗಲ್ಸ್ ಮುಂತಾದ ಕ್ಲಬ್ಬುಗಳು ಶಾಲೆ ಬಿಟ್ಟ ಮಕ್ಕಳನ್ನು ಸಂಜೆ ಕರೆದು ಕಲಿಸುತ್ತ ಬಂದಿವೆ.

ಏಷ್ಯಾದ ಪಂದ್ಯಗಳಿಗೆ ಮುಖ್ಯ ನೆಲೆಯಾದ ಕಂಠೀರವ ಕ್ರೀಡಾಂಗಣ ನಿಂತಿರುವುದು ಹಿಂದಿನ ಸಂಪಂಗಿ ಕೆರೆಯ ಅಂಗಳದಲ್ಲಿ. ಬೆಂಗಳೂರಿನ ಕರಗಕ್ಕೂ ಆ ಕೆರೆಗೂ ಇರುವ ಸಂಬಂಧ ಹಳಬರಿಗೆ ಗೊತ್ತು. ಅಲ್ಲಿಂದ ಕೂಗಳತೆಯ ದೂರದಲ್ಲಿ, ನೃಪತುಂಗ ರಸ್ತೆಯಲ್ಲಿ, ವೈ.ಎಂ.ಸಿ.ಎ. ಇದೆ. ಸ್ಪ್ರಿಂಗ್‌ಫೀಲ್ಡಿನ ಬುಟ್ಟಿಯ ಆಟ ಸಂಪಂಗಿ ಕೆರೆಯಂಗಳ ತಲುಪಿದ ಕಥೆ ಹೀಗೆ ಶತಮಾನಕ್ಕೂ ಮಿಕ್ಕಿದ್ದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಬಿ ವಿಭಾಗದಲ್ಲಿ ಗೆದ್ದದ್ದು ದೊಡ್ಡದು. ಗೆದ್ದ ಮೇಲೆ ಮೇಲಿನ ಮೆಟ್ಟಿಲಿನಲ್ಲಿ ನಿಲ್ಲುವುದು ಅದಕ್ಕಿಂತ ಕಷ್ಟ. ಆ ಮೆಟ್ಟಿಲು 2017ರಲ್ಲಿ ಇನ್ನಷ್ಟು ಎತ್ತರವಾಯಿತು. ಆ ವರ್ಷದಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ತಂಡಗಳೂ ಏಷ್ಯಾದ ಪಂದ್ಯಾವಳಿಗಳಿಗೆ ಬಂದು ಸೇರಿದವು. ಚೀನಾ, ಜಪಾನ್, ಕೊರಿಯಾಗಳ ಜೊತೆಗೆ ಈ ಎರಡೂ ಸೇರಿದರೆ ಹೊಸದಾಗಿ ಮೇಲೇರಿದವರ ಗತಿ ಏನಾಗಬೇಕು? ನಮ್ಮ ಹಿರಿಯರ ತಂಡ 2019ರಲ್ಲಿ ಬೆಂಗಳೂರಿನಲ್ಲಿಯೇ ಎಂಟು ತಂಡಗಳಲ್ಲಿ ಎಂಟನೆಯದಾಯಿತು. 2021ರಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಮತ್ತೆ ಎಂಟನೆಯ ಸ್ಥಾನ, ಕೆಳವಿಭಾಗಕ್ಕೆ ಇಳಿಕೆ. ಆ ಕೂಟದಲ್ಲಿ ಜಪಾನಿನ ವಿರುದ್ಧ ನಮ್ಮವರು ಸೋತದ್ದು 136–46ರಿಂದ. ಅದಕ್ಕೆ ಕೆಲವೇ ವಾರಗಳ ಹಿಂದೆ ಟೋಕಿಯೊ ಒಲಿಂಪಿಕ್ಸಿನಲ್ಲಿ ಜಪಾನಿನ ಹೆಣ್ಣುಮಕ್ಕಳು ಬೆಳ್ಳಿ ಗೆದ್ದಿದ್ದರೆಂಬುದನ್ನೂ ಮರೆಯಬಾರದು.

ಜಪಾನಿನವರು ನಮಗಿಂತ ಬಹಳ ಎತ್ತರವಿರುವ ಜನಾಂಗವೇನೂ ಅಲ್ಲ. ಹಾಗಿರುವಾಗ ಈ ತೊಂಬತ್ತು ಅಂಕಗಳ ಅಂತರ ಎಲ್ಲಿಂದ ಬಂತು? ಉಪಾಧ್ಯಾಯನಾಗಿದ್ದ ನನಗೆ ಕಾಣುವ ಉತ್ತರ ಅವರ ಪ್ರೌಢಶಾಲೆಗಳಲ್ಲಿದೆ. ಅಲ್ಲಿ ಪ್ರೌಢಶಾಲೆಗಳ ರಾಷ್ಟ್ರೀಯ ಪಂದ್ಯಾವಳಿಗಳು ಬೇಸಿಗೆಗೊಂದು, ಚಳಿಗಾಲಕ್ಕೊಂದು ನಡೆಯುತ್ತವೆ. ಚಳಿಗಾಲದ 'ವಿಂಟರ್ ಕಪ್' ದೂರದರ್ಶನದಲ್ಲಿ ಪ್ರಸಾರವಾಗುತ್ತದೆ, ಊರಿಗೆ ಊರೇ ತನ್ನ ಶಾಲೆಯ ಬೆಂಬಲಕ್ಕೆ ನಿಲ್ಲುತ್ತದೆ. ಹದಿನಾರರಿಂದ ಹದಿನೆಂಟರ ವಯಸ್ಸಿನಲ್ಲಿ ಅಲ್ಲಿನ ಹುಡುಗಿ ಅತಿ ಹೆಚ್ಚು ಆಡುತ್ತಾಳೆ. ನಮ್ಮ ಹುಡುಗಿ ಆಟ ಬಿಡುವುದು ಅದೇ ವಯಸ್ಸಿನಲ್ಲಿ.

ಇದನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ. ಒಂಬತ್ತನೆಯ ತರಗತಿಯವರೆಗೆ ಶಾಲೆಗೆ ಬಹುಮಾನ ತಂದ ಹುಡುಗಿ ಹತ್ತಕ್ಕೆ ಬಂದೊಡನೆ ಮನೆಯವರು ಬರುತ್ತಿದ್ದರು. "ಮೇಷ್ಟ್ರೇ, ಇನ್ನು ಚೆಂಡು ಮುಟ್ಟೋದು ಬೇಡ ಅಂತ ನೀವೇ ಹೇಳಿಬಿಡಿ. ನಮ್ಮ ಮಾತು ಕೇಳೋಲ್ಲ" ಎನ್ನುತ್ತಿದ್ದರು. ಅವರ ಆತಂಕ ಸುಳ್ಳಲ್ಲ. ಎಸ್.ಎಸ್.ಎಲ್.ಸಿ., ಆಮೇಲೆ ಪಿ.ಯು.ಸಿ., ಅದರ ಬೆನ್ನಿಗೆ ಸಿ.ಇ.ಟಿ. ಈ ಮೂರು ಬಾಗಿಲುಗಳನ್ನು ದಾಟುವಷ್ಟರಲ್ಲಿ ಕಾಲಿನ ವೇಗವೂ ಕೈಯ ಗುರಿಯೂ ಮರೆತುಹೋಗಿರುತ್ತವೆ. ಗಂಡುಹುಡುಗರಾದರೋ ಸಂಜೆ ಹೇಗೋ ಕ್ಲಬ್ಬಿಗೆ ಹೋಗಿ ಆಡಿಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಕತ್ತಲಾದ ಮೇಲೆ ಮನೆಗೆ ಮರಳುವ ಪ್ರಶ್ನೆ ಬೇರೆ.

ಓದಿಗೂ ಆಟಕ್ಕೂ ವೈರವಿದೆ ಎಂಬ ನಂಬಿಕೆಯನ್ನು ಅಲುಗಿಸುವ ನಿದರ್ಶನಗಳು ಇಲ್ಲದಿಲ್ಲ. ಬೆಂಗಳೂರಿನ ಸಂಜನಾ ರಮೇಶ್ ಬ್ಯಾಸ್ಕೆಟ್‌ಬಾಲಿನ ಬಲದಿಂದಲೇ 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಸೇರಿ, ಆಟ ಮತ್ತು ವ್ಯಾಸಂಗ ಎರಡನ್ನೂ ಮುಂದುವರಿಸಿದರು. ಆದರೆ ಒಬ್ಬರಿಗೆ ಸಾಧ್ಯವಾದದ್ದು ನೂರು ಮಂದಿಗೆ ಸಾಧ್ಯವಾಗಬೇಕಾದರೆ ಅಮೆರಿಕವೇ ಏಕೆ ಬೇಕು? ನಮ್ಮ ಪಿ.ಯು. ಕಾಲೇಜುಗಳ ವೇಳಾಪಟ್ಟಿಯಲ್ಲಿ ಸಂಜೆಯ ಒಂದು ಗಂಟೆ, ಅಂಗಣಕ್ಕೆ ಎರಡು ದೀಪ, ಮನೆಯವರೆಗೆ ಜೊತೆಗೆ ಬರುವವರೊಬ್ಬರು. ಇಷ್ಟರಿಂದ ಆರಂಭಿಸಬಹುದು.

ಬೆಂಗಳೂರು 2018ರಲ್ಲಿ ಮತ್ತು 2022ರಲ್ಲಿ ಹದಿನೆಂಟು ವರ್ಷದೊಳಗಿನ ಬಾಲಕಿಯರ ಏಷ್ಯಾ ಪಂದ್ಯಾವಳಿಗೂ ಆತಿಥ್ಯ ವಹಿಸಿತು. ಅತಿಥಿಗಳನ್ನು ಕರೆದು ಸತ್ಕರಿಸುವುದು ನಮಗೆ ಬಂದಿದೆ. ಪಂಕ್ತಿಯಲ್ಲಿ ನಾವೂ ಕುಳಿತು ಉಣ್ಣುವುದು ಬಾಕಿಯಿದೆ. ಬಿ ವಿಭಾಗದಲ್ಲಿ ಆಡುವುದು ಅವಮಾನವಲ್ಲ, ಅಲ್ಲಿಂದ ಮೇಲೇರಲು ದಾರಿಯಿದೆ ಎಂದು 2017ರಲ್ಲಿ ಹದಿನೈದು, ಹದಿನಾರು ವರ್ಷದ ಹೆಣ್ಣುಮಕ್ಕಳು ತೋರಿಸಿಕೊಟ್ಟರು. ಮೇಲೇರಿದವರು ಅಲ್ಲಿಯೇ ನಿಲ್ಲುವಂತೆ ಮಾಡುವ ಹೊಣೆ ಮಾತ್ರ ಆ ಮಕ್ಕಳದಲ್ಲ. ಅದು ತಂದೆತಾಯಿಯರದು, ಶಾಲೆಯದು, ನಮ್ಮಂಥ ಮೇಷ್ಟ್ರುಗಳದು. ಇದನ್ನು ಓದುವವರ ಮನೆಯಲ್ಲಿ ಸಂಜೆ ಚೆಂಡು ಹಿಡಿದು ಹೊರಡುವ ಹುಡುಗಿಯೊಬ್ಬಳಿದ್ದರೆ, ಈ ವರ್ಷ ಅವಳು ಹತ್ತನೆಯ ತರಗತಿಯಲ್ಲಿದ್ದರೂ ಸರಿಯೇ, ಒಂದು ಗಂಟೆ ಆಡಿ ಬರಲಿ ಬಿಡಿ.