ಗಂಧದೆಣ್ಣೆ ತೆಗವ ಕತೆ

ಸಾಣೆಕಲ್ಲಿಲಿ ಗಂಧ ತೇದು ದೇವರಿಂಗೆ ಮಡುಗುದು ನವಗೆಲ್ಲ ಗೊಂತಿಪ್ಪದೇ. ಅದೇ ಕೊರಡಿಂದ ಎಣ್ಣೆ ತೆಗವದು ನಮ್ಮ ರಾಜ್ಯಲ್ಲಿ ಹೇಂಗೆ ಸುರು ಆತು ಹೇಳಿ ರಜ ಬರೆತ್ತೆ, ಅಕ್ಕಂದ್ರೆ.

ಮದಲಿಂಗೆ ಮೈಸೂರು ಸಂಸ್ಥಾನಲ್ಲಿ ಗಂಧದ ಮರ ಬೇಕಾಷ್ಟು ಇತ್ತು. ಆದರೆ ಕೊರಡಿನ ಏಲಂ ಮಾಡಿ ಹಡಗಿಲಿ ಯುರೋಪಿಂಗೆ, ಹೆಚ್ಚಾಗಿ ಜರ್ಮನಿಗೆ ಕಳುಸುಗು. ಎಣ್ಣೆ ತೆಗವದು ಅಲ್ಲಿ, ಲಾಭವೂ ಅಲ್ಲಿಗೇ. 1914ರಲ್ಲಿ ಮಹಾಯುದ್ಧ ಬಂತು, ವ್ಯಾಪಾರ ನಿಂದತ್ತು, ಕೊರಡು ಇಲ್ಲಿಯೇ ಬಾಕಿ ಆತು. ಅಂಬಗ ನಾಲ್ವಡಿ ಕೃಷ್ಣರಾಜ ಒಡೆಯರು ರಾಜರು, ವಿಶ್ವೇಶ್ವರಯ್ಯ ದಿವಾನರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಲಿ ಸಡ್‌ಬರೋ, ವಾಟ್ಸನ್ ಹೇಳ್ತ ವಿಜ್ಞಾನಿಗೊ ಎಣ್ಣೆ ತೆಗದು ನೋಡಿದವು. 1916ರಲ್ಲಿ ಸರಕಾರದ್ದೇ ಎಣ್ಣೆ ಕಾರ್ಖಾನೆ ಸುರು ಆತು. ಮತ್ತೆ ಆ ಎಣ್ಣೆ ಹಾಕಿದ ಮೈಸೂರು ಸ್ಯಾಂಡಲ್ ಸಾಬೂನುದೆ ಬಂತು.

ತೆಗವ ಕ್ರಮ ನಮ್ಮ ಅಡಿಗೆಮನೆದೇ. ಕೊರಡಿನ ಹೊಡಿ ಮಾಡಿ ದೊಡ್ಡ ಹಂಡೆಗೆ ತುಂಬುಸಿ ಅಡಿಂದ ನೀರಿನ ಆವಿ ಬಿಡ್ತವು. ಆವಿಯೊಟ್ಟಿಂಗೆ ಎಣ್ಣೆಯೂ ಮೇಲೆ ಬತ್ತು. ತಂಪು ಕೊಳವೆಲಿ ಹೋಪಗ ಎರಡೂ ಹನಿ ಆವುತ್ತು, ಅಟ್ಟಿನಳಗೆಯ ಮುಚ್ಚಲಿಲಿ ನೀರು ಹನಿ ಕಟ್ಟಿದ ಹಾಂಗೆ. ಎಣ್ಣೆ ನೀರಿಂದ ಹಗುರ, ಮೇಲೆ ತೇಲ್ತು. ಅದರ ಬೇರೆ ಮಾಡಿರೆ ಆತು. ಈ ಕ್ರಮಕ್ಕೆ ರಾಸಾಯನಿಕ ದ್ರಾವಣ ಎಂತದೂ ಬೇಡ. ಒಳುದ ಹೊಡಿ ಉದುಬತ್ತಿಗೆ ಆವುತ್ತು.

ಇಷ್ಟು ಶುದ್ಧದ ಕೆಲಸ ಆದರೂ ಮರ ಒಳಿದ್ದಿಲ್ಲೆ. ಎಂತಗೆ ಹೇಳಿರೆ ಎಣ್ಣೆ ಇಪ್ಪದು ಚೇಗಿಲಿ, ಬೇರಿಲಿ. ಮಲ್ಲಿಗೆಯ ಹಾಂಗೆ ಇಂದು ಕೊಯ್ದರೆ ನಾಳೆ ಪುನಾ ಸಿಕ್ಕುವ ವಸ್ತು ಅಲ್ಲ. ಬೇರುಸಮೇತ ಒಕ್ಕಿ ತೆಗೆಯೆಕ್ಕು. ಚೇಗು ಬಲಿವಲೆ ಹತ್ತಿಪ್ಪತ್ತು ವರ್ಷ ಕಾಯೆಕ್ಕು. ಅದರ ಮೇಲೆ ಕಳ್ಳರ ಕಾಟ. ಸ್ವಂತ ಜಾಗೆಲಿ ಹುಟ್ಟಿದರೂ ಮರ ಸರಕಾರದ್ದು ಹೇಳಿ ಕಾನೂನು ಇತ್ತು. ಅಂಬಗ ನೀರೆರದು ಸಾಂಕುವ ಮನಸ್ಸು ಆರಿಂಗೆ ಬಕ್ಕು? 2001ರಲ್ಲಿ ಕರ್ನಾಟಕಲ್ಲಿ ಆ ಕಾನೂನು ತಿದ್ದಿದವು. ಈಗ ಜಾಗೆಯವರದ್ದೇ ಮರ. ಕಡಿವಲೆ, ಮಾರ್ಲೆ ಮಾಂತ್ರ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.

ಪರಿಸರಕ್ಕೆ ಒಳ್ಳೆದು ಹೇಳೆಕ್ಕಾರೆ ಹಂಡೆಯ ಮಾಂತ್ರ ನೋಡಿರೆ ಸಾಲ, ಕಾಡನ್ನೂ ನೋಡೆಕ್ಕು. ಕಡುದ್ದೆಷ್ಟು, ನೆಟ್ಟದೆಷ್ಟು ಹೇಳ್ತ ಲೆಕ್ಕವೂ ಬೇಕು.

ನೆಡುವ ಆಸೆ ಇಪ್ಪವು ಒಂದು ನೆಂಪು ಮಡಿಕ್ಕೊಳ್ಳಿ: ಗಂಧದ ಗೆಡು ಒಂಟಿಯಾಗಿ ಲಾಯ್ಕಕ್ಕೆ ಬೆಳೆತ್ತಿಲ್ಲೆ. ಹತ್ತರಾಣ ಗೆಡುವಿನ ಬೇರಿಂದಲೂ ಅದು ನೀರು, ಸಾರ ಎಳಕ್ಕೊಳ್ತು. ಬುಡಲ್ಲಿ ಒಂದು ತೊಗರಿ ಗೆಡು ಇರಳಿ.