ಅತಿಶಯ ರೂಪ (ಕನ್ನಡದಲ್ಲಿ)

ಒಂದು ಗುಂಪಿನಲ್ಲಿ ಯಾವುದು ಎಲ್ಲಕ್ಕಿಂತ ಮಿಗಿಲು ಎಂದು ಹೇಳುವ ವ್ಯಾಕರಣ ರೂಪ. ಗ್ರೀನ್‌ಲ್ಯಾಂಡಿಕ್ ಭಾಷೆ ಇದಕ್ಕೆ ಪ್ರತ್ಯಯವನ್ನೇ ಬಳಸುತ್ತದೆ: ‘ಅಂಗಿವೊಕ್’ ಎಂದರೆ ದೊಡ್ಡದಾಗಿದೆ, ‘ಅಂಗಿನೆರ್ಪಾಕ್’ ಎಂದರೆ ಎಲ್ಲಕ್ಕಿಂತ ದೊಡ್ಡದು. ಅಚ್ಚಗನ್ನಡದ ಗುಣವಾಚಕಗಳಿಗೆ ಅಂಥ ಪ್ರತ್ಯಯವಿಲ್ಲ.

ಇಲ್ಲಿ ಭಾರ ಹೊರುವುದು ‘-ಇಂತ’. ಅದು ಚತುರ್ಥಿ ವಿಭಕ್ತಿಯ ಮೇಲೆ ಕೂರುತ್ತದೆ, ಗುಣವಾಚಕ ಬದಲಾಗುವುದಿಲ್ಲ. ‘ಕೃಷ್ಣೆ ತುಂಗಭದ್ರೆಗಿಂತ ಉದ್ದ’ ಎಂಬುದು ಹೋಲಿಕೆ. ತುಂಗಭದ್ರೆಯ ಜಾಗಕ್ಕೆ ‘ಎಲ್ಲ’ ಬಂದರೆ ಅದೇ ವಾಕ್ಯ ಅತಿಶಯ. ಅರಕೇರಾ, ದೇವದುರ್ಗ, ಮಾನ್ವಿಗಳಿರುವ ರಾಯಚೂರು ಸೀಮೆಯ ಆಡುಮಾತಿನಲ್ಲಿ ಇದು ‘ಎಲ್ಲಾರ್ಕಿಂತ ಸಣ್ಣಾಂವ’ ಎಂದು ಬಿಗಿಯಾಗುತ್ತದೆ. ‘ಭಾಳ’ ಸೇರಿದರೆ ಒತ್ತು ಇನ್ನೂ ಹೆಚ್ಚು.

ಪ್ರತ್ಯಯದಿಂದಾದ ಅತಿಶಯಗಳು ಬಂದದ್ದು ಸಂಸ್ಕೃತದಿಂದ. ‘-ಇಷ್ಠ’ದಿಂದ ಕನಿಷ್ಠ, ಗರಿಷ್ಠ, ಜ್ಯೇಷ್ಠ, ‘-ತಮ’ದಿಂದ ಲಘುತಮ, ಮಹತ್ತಮ. ಶಾಲೆಯ ಗಣಿತದ ಲ.ಸಾ.ಅ., ಮ.ಸಾ.ಅ.ಗಳಲ್ಲಿ ಅಡಗಿರುವುದು ಈ ಎರಡು ಪದಗಳೇ. ರಾಯಚೂರಿನ ಬೇಸಿಗೆಯ ಸುದ್ದಿ ‘ಗರಿಷ್ಠ ತಾಪಮಾನ’ವಿಲ್ಲದೆ ಸಾಗದು. ಆದರೂ ಕನ್ನಡಿಗರ ಕಿವಿಗೆ ಇದೇ ‘-ಇಷ್ಠ’ದ ‘ಶ್ರೇಷ್ಠ’ ಬರೀ ಗುಣವಾಚಕ; ‘ಸರ್ವಶ್ರೇಷ್ಠ’, ‘ಅತಿಶ್ರೇಷ್ಠ’ಗಳೂ ಬಳಕೆಯಲ್ಲಿವೆ.

ಕನ್ನಡದ ಸ್ವಂತ ಸೊಗಸು ಪದದ ಮುಂಭಾಗದಲ್ಲಿದೆ. ಮೊದಲ ಅಕ್ಷರವನ್ನು ಮರುಕಳಿಸಿ ಒತ್ತಿದರೆ ತುತ್ತತುದಿ, ಕಟ್ಟಕಡೆ, ನಟ್ಟನಡು, ಮೊತ್ತಮೊದಲು. ಕೆಲವೇ ಪದಗಳಿಗೆ ಈ ಭಾಗ್ಯ. ‘ದೊಡ್ಡ’, ‘ಸಣ್ಣ’ಗಳಿಗೆ ಇಲ್ಲ.