ಹವ್ಯಾಸದ ಪೆಟ್ಟಿಗೆಗೆ ಬೆಲೆ ಕಟ್ಟುವುದು

ಸಂಗೀತ ಪಾಠ ನಡೆಯುವ ಮನೆಯ ಮುಂದೆ ಸಂಜೆ ಹಾದುಹೋದರೆ, ಮಕ್ಕಳ ಸರಳೆ ವರಸೆಗಿಂತ ಮೊದಲು ಕಿವಿಗೆ ಬೀಳುವುದು ಎಲೆಕ್ಟ್ರಾನಿಕ್ ತಂಬೂರಿಯ ದನಿ. ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ. ತಿರುಗಣೆ ಒಂದಿಷ್ಟು ತಿರುಗಿಸಿದರೆ ಗಂಡಸರ ಒಂದು ಮನೆ ಶ್ರುತಿ, ಮತ್ತಷ್ಟು ತಿರುಗಿಸಿದರೆ ನಮ್ಮ ಐದು ಮನೆ ಶ್ರುತಿ. ಇದು ಜಪಾನಿನಿಂದ ಬಂದದ್ದೆಂದು ನಂಬಿದವರನ್ನು ನಮ್ಮ ಸ್ಟಾಫ್ ರೂಮಿನಲ್ಲೇ ಕಂಡಿದ್ದೇನೆ. ಹುಟ್ಟಿದ್ದು ಬೆಂಗಳೂರಿನಲ್ಲಿ.

ಜಿ. ರಾಜ್ ನಾರಾಯಣ್ ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದವರು, ಕೊಳಲು ನುಡಿಸುತ್ತಿದ್ದವರು. 1979ರಲ್ಲಿ ಅವರು ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. (ಅದೇ ಎಚ್.ಎ.ಎಲ್.ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ನನ್ನ ತವರು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಶುರುವಾದಾಗ ನನಗೆ ಮೊದಲು ನೆನಪಾದದ್ದು ಈ ತಂಬೂರಿಯೇ!) ಮಾಡಿದ್ದನ್ನು ಮನೆಯಲ್ಲಿಟ್ಟುಕೊಂಡು, ಬಂದವರಿಗೆ ಕೇಳಿಸಿ ಅವರು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ರಾಡೆಲ್ ಎಂಬ ಸಂಸ್ಥೆ ಕಟ್ಟಿ ಮಾರಾಟಕ್ಕೆ ತಂದರು. ಆಮೇಲೆ ತಬಲಾದ ದನಿ ಕೊಡುವ ಪೆಟ್ಟಿಗೆ, ಎಲೆಕ್ಟ್ರಾನಿಕ್ ವೀಣೆ ಎಲ್ಲ ಬಂದವು.

ಅದಕ್ಕೆ ಮುಂಚೆ ನಮ್ಮಂಥ ಊರುಗಳಲ್ಲಿ ಹಾಡು ಕಲಿಯುವುದೆಂದರೆ ಏನೆಂದು ಇಂದಿನ ಹುಡುಗಿಯರಿಗೆ ಹೇಳಬೇಕು. ಆಳೆತ್ತರದ ತಂಬೂರಿಯನ್ನು ಬಸ್ಸಿನಲ್ಲಿ ಒಯ್ಯುವಂತಿಲ್ಲ. ನಾಲ್ಕು ತಂತಿಗಳನ್ನು ಶ್ರುತಿಗೆ ತರುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಮೀಟುವುದಕ್ಕೆ ಬೇರೊಬ್ಬರು ಬೇಕು. ತಿದಿಯೊತ್ತುವ ಶ್ರುತಿಪೆಟ್ಟಿಗೆಯಾದರೂ ಒಂದು ಕೈಯನ್ನು ಕಟ್ಟಿಹಾಕುತ್ತದೆ. ಮದುವೆಯಾಗಿ ಬಂದ ಮನೆಯಲ್ಲಿ ಒಬ್ಬಳೇ ಕೂತು ಹಾಡಿಕೊಳ್ಳುವ ಹೆಣ್ಣಿಗೆ ಹಿಂದೆ ಕೂತು ತಂಬೂರಿ ಮೀಟುವವರು ಯಾರಿದ್ದರು? ಪೆಟ್ಟಿಗೆ ಅಂಗಡಿಗೆ ಬಂದದ್ದರಿಂದ ಅದೆಷ್ಟು ನಿಂತುಹೋದ ಹಾಡುಗಳು ಮತ್ತೆ ಶುರುವಾದವೋ, ಲೆಕ್ಕ ಇಟ್ಟವರಿಲ್ಲ.

ಇದನ್ನೆಲ್ಲ ಯೋಚಿಸುವಂತಾದದ್ದು ಕುಣಿಗಲ್‌ನಲ್ಲಿರುವ ನನ್ನ ಅಕ್ಕನ ಮಗನಿಂದ. ತುಮಕೂರಿನ ಒಂದು ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಐವತ್ತು ದಾಟಿದ ಮೇಲೆ ಜೂನಿಯರ್ ಪರೀಕ್ಷೆಗೆ ಕೂತ ತಾಯಿಗಾಗಿ ಅವನೊಂದು ಪೆಟ್ಟಿಗೆ ಮಾಡಿದ. ಮನೆಯ ಹಳೆಯ ತಂಬೂರಿಯ ಒಂದೊಂದು ತಂತಿಯ ದನಿಯನ್ನೂ ಮುದ್ರಿಸಿಕೊಂಡು ಚಿಪ್ಪಿನೊಳಗೆ ಕೂರಿಸಿದ್ದಾನೆ. ಜೊತೆಗೆ ತಾಳವೂ ಉಂಟು. ಅಕ್ಕನ ಜೊತೆ ಕಲಿಯುವ ಹೆಂಗಸರು ತಮಗೂ ಬೇಕೆಂದರು. ಈಗ ಫೋನಿನಲ್ಲೇ ಪುಕ್ಕಟೆ ಶ್ರುತಿ ಸಿಗುತ್ತದಲ್ಲ ಎಂದು ನಾನೇ ಕೇಳಿದೆ. "ಫೋನು ಹಾಡುವ ಹೊತ್ತಿಗೆ ಯಾರ ಕೈಯಲ್ಲಿರುತ್ತದೋ! ಮಧ್ಯೆ ಮಧ್ಯೆ ಕರೆ ಬೇರೆ" ಎಂದಳು ಅಕ್ಕ. ಇಷ್ಟಾದದ್ದೇ ತಡ, ಹುಡುಗ ಕೆಲಸ ಬಿಟ್ಟು ಇದನ್ನೇ ಮಾಡುತ್ತೇನೆಂದು ಕೂತ. ಭಾವನವರು ತೀರದ ಮನೆ ಸಾಲ ತೋರಿಸಿದರು. "ಸಂಗೀತದಲ್ಲಿ ವ್ಯಾಪಾರ ಬೇಡ ಕಣೋ, ಬೇಕಾದವರಿಗೆ ಹಾಗೇ ಮಾಡಿಕೊಡು" ಎಂದಳು ಅಕ್ಕ. ಅವನು ನನ್ನ ಹತ್ತಿರ ಬಂದ: "ಚಿಕ್ಕಮ್ಮ, ನೀವೇ ಹೇಳಿ."

ಅಕ್ಕನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಗುಬ್ಬಿಯ ಹೆಸರು ನಾಡಿಗೆಲ್ಲ ಹಬ್ಬಿದ್ದು ಯಾವುದರಿಂದ? 1884ರಲ್ಲಿ ಊರಿನ ಆಸಕ್ತರು ಕಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಟಿಕೆಟ್ ಮಾರಿ ಬದುಕುವ ಕಂಪನಿಯಾಯಿತು. ಟಿಕೆಟ್ ಮಾರಿದ್ದರಿಂದಲೇ ಬೆಳ್ಳಾವೆ ನರಹರಿ ಶಾಸ್ತ್ರಿಗಳಂಥವರು ನಾಟಕ ಬರೆದುಕೊಟ್ಟರು, ಬಿ. ಜಯಮ್ಮನಂಥವರು ರಂಗದ ಮೇಲೆ ಬಂದರು, 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ನಡೆದವು. ಕಂಪನಿ ನಾಟಕದ ಉಸಿರಾಗಿದ್ದ ಹಾರ್ಮೋನಿಯಂ ಕಥೆಯೂ ಇದೇ. ಗಮಕಕ್ಕೆ ಒಗ್ಗದ ವಾದ್ಯವೆಂದು 1940ರಲ್ಲಿ ರೇಡಿಯೋ ಅದನ್ನು ಹೊರಗಿಟ್ಟಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಅಷ್ಟು ವರ್ಷವೂ ಅದನ್ನು ಉಳಿಸಿದವರು ದುಡ್ಡು ಕೊಟ್ಟು ಕೊಂಡ ನಾಟಕದವರು, ಭಜನೆಯವರು.

ಹಾಗೆಂದು ಪೆಟ್ಟಿಗೆಯಿಂದ ನಷ್ಟವೇ ಇಲ್ಲವೆನ್ನಲಾರೆ. ಕುದುರೆಯ ಮೇಲೆ, ತಂತಿಯಡಿ ಸಿಕ್ಕಿಸುವ ನೂಲಿನೆಳೆಯನ್ನು ಕೂದಲೆಳೆಯಷ್ಟು ಸರಿಸಿದಾಗ ತಂಬೂರಿಯಲ್ಲಿ ಏಳುವ ಆ ಝೇಂಕಾರವನ್ನು ಕಿವಿಯಿಂದ ಹುಡುಕಿ ಹಿಡಿಯಬೇಕು. ಗುರುವಿನ ಹಿಂದೆ ಕೂತು ವರ್ಷಗಟ್ಟಲೆ ಮೀಟಿದ ಹುಡುಗಿಗೆ ಶ್ರುತಿಯೆಂಬುದು ಮೈಗೇ ಇಳಿಯುತ್ತಿತ್ತು. ಗುಂಡಿ ಒತ್ತುವವರಿಗೆ ಆ ಪಾಠವಿಲ್ಲ. ವೀಣೆ, ತಂಬೂರಿ ಕೆತ್ತುವವರ ಪಾಡೂ ಇದೆ. ದೊಡ್ಡಬಳ್ಳಾಪುರದ ಕಡೆ ಸಿಂಪಾಡಿಪುರದಲ್ಲಿ ಹಲಸಿನ ಮರದಲ್ಲಿ ವೀಣೆ ಮಾಡುವ ಮನೆಗಳಿವೆ. ಆ ಕೈಕೆಲಸಕ್ಕೆ ಚಿಪ್ಪು ಸಾಟಿಯಲ್ಲ.

ಆದರೂ ಮಾರು ಎಂದೇ ಹೇಳಿದೆ. ಪುಕ್ಕಟೆ ಕೊಟ್ಟ ಪೆಟ್ಟಿಗೆ ಕೆಟ್ಟರೆ ತೆಗೆದುಕೊಂಡವರು ಸಂಕೋಚಕ್ಕೆ ಬಾಯಿ ಬಿಡುವುದಿಲ್ಲ. ಅದು ಅಟ್ಟ ಸೇರುತ್ತದೆ. ದುಡ್ಡು ಕೊಟ್ಟವರು ಬಂದು ಕೇಳುತ್ತಾರೆ, ಇವನು ಸರಿಮಾಡಿಕೊಡಲೇಬೇಕು. ನಮ್ಮಲ್ಲಿ ಎಷ್ಟು ಜನ ಹೆಂಗಸರು ಎಲೆ ಅಡಿಕೆ ಬಾಳೆಹಣ್ಣಿಗೆ ಸಂಗೀತ ಹೇಳಿಕೊಟ್ಟು, ಫೀಜು ಕೇಳಲು ನಾಚಿಕೊಂಡು, ಕಡೆಗೆ ಪಾಠವನ್ನೇ ನಿಲ್ಲಿಸಿಲ್ಲ!

ಲೆಕ್ಕ ಹಾಕಲು ಕೂತೆವು. ಸಾಮಾನಿಗೆ 2,300 ರೂಪಾಯಿ ಬೀಳುತ್ತದೆಂದು ಅವನು 2,500ಕ್ಕೆ ಕೊಡುವವನಿದ್ದ. ಎರಡು ಭಾನುವಾರದ ದುಡಿಮೆ, ರಿಪೇರಿಗೆ ಬಸ್ ಚಾರ್ಜು, ಸುಟ್ಟುಹೋಗುವ ಬಿಡಿಭಾಗ ಯಾವುದೂ ಅವನ ಲೆಕ್ಕದಲ್ಲಿರಲಿಲ್ಲ. 4,000 ಎಂದು ಬರೆದೆ. ಕೆಲಸ ಬಿಡುವ ಮಾತು ಎರಡು ವರ್ಷ ಬೇಡವೆಂದೆ. ಮುಖ ಚಿಕ್ಕದು ಮಾಡಿಕೊಂಡರೂ ಒಪ್ಪಿದ. ಪೆಟ್ಟಿಗೆಯನ್ನು ಅಂಟಿನಿಂದ ಮುಚ್ಚಬೇಡ, ಸ್ಕ್ರೂ ಹಾಕು, ಊರಿನ ರೇಡಿಯೋ ರಿಪೇರಿಯವನೂ ಬಿಚ್ಚುವಂತಿರಲಿ ಎಂದೆ. ಹೋದ ವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹನ್ನೆರಡು ಪೆಟ್ಟಿಗೆಗಾಗುವಷ್ಟು ಸಾಮಾನು ತಂದಿದ್ದಾನೆ. ಅಕ್ಕ ತನ್ನ ನಡುಮನೆಯ ಮೇಜು ಖಾಲಿ ಮಾಡಿಕೊಟ್ಟಿದ್ದಾಳೆ.